ಮರಳಿಗೆ ಇಳಿಯುವ ಮುನ್ನ ಗಾಳಿ ಇಳಿಸಿ

ಮರಳಲ್ಲಿ ಹೂತ ಗಾಡಿಗಳಲ್ಲಿ ಹೆಚ್ಚಿನವು ಎಂಜಿನ್ನಿಗೆ ಶಕ್ತಿ ಸಾಲದೆ ಹೂತವಲ್ಲ. ಟೈರಿನಲ್ಲಿ ಗಾಳಿ ಜಾಸ್ತಿ ಇತ್ತು, ಚಕ್ರ ಸ್ವಲ್ಪ ಇಳಿದಾಗ ಚಾಲಕ ಗಾಬರಿಯಲ್ಲಿ ಆಕ್ಸಿಲರೇಟರ್ ಒತ್ತಿದ, ಅಷ್ಟೆ. ಮುಂದಿನ ಹತ್ತು ಸೆಕೆಂಡಿನಲ್ಲಿ ಗಾಡಿ ತನ್ನ ಗುಂಡಿಯನ್ನು ತಾನೇ ತೋಡಿಕೊಂಡು ಹೊಟ್ಟೆಯ ಮೇಲೆ ಕೂತಿರುತ್ತದೆ.

ಭಟ್ಕಳ, ಹೊನ್ನಾವರ, ಕುಮಟಾದ ಓದುಗರಿಗೆ ಮರುಭೂಮಿಯ ಚಾಲನೆಯ ಪಾಠ ಯಾಕೆ ಎಂದು ಘಟ್ಟದ ಮೇಲಿನವರು ಕೇಳಬಹುದು. ಈ ಕಡೆಯವರು ಕೇಳುವುದಿಲ್ಲ. ಭಟ್ಕಳದಲ್ಲಿ ದುಬೈ, ಶಾರ್ಜಾ, ಜೆಡ್ಡಾ, ದಮಾಮ್ ಎಂಬ ಹೆಸರುಗಳು ಶಿರಸಿ, ಕಾರವಾರದಷ್ಟೇ ಬಳಕೆಯ ಹೆಸರುಗಳು. ನವಾಯತರ ಮನೆಗಳಲ್ಲಂತೂ ಗಲ್ಫಿನಲ್ಲಿ ಒಬ್ಬರೂ ಇಲ್ಲದ ಮನೆ ಅಪರೂಪ. ಹೊನ್ನಾವರ, ಕುಮಟಾದಿಂದ ಹೋದ ಎಂಜಿನಿಯರುಗಳು, ನರ್ಸುಗಳು, ಅಂಗಡಿಕಾರರು, ಲೆಕ್ಕಿಗರು ಬೇರೆ. ಮೊದಲ ತಲೆಮಾರು ಕೋಣೆ ಹಂಚಿಕೊಂಡು ದುಡಿಯಿತು. ಈಗಿನವರು ಹೆಂಡತಿ ಮಕ್ಕಳನ್ನು ಕರೆಸಿಕೊಂಡಿದ್ದಾರೆ, ಏಳು ಸೀಟಿನ ಗಾಡಿ ಕೊಂಡಿದ್ದಾರೆ. ನವೆಂಬರಿನಿಂದ ಮಾರ್ಚಿನವರೆಗೆ ಹವೆ ಹಿತವಾಗಿರುವಾಗ ರಜೆಯ ದಿನ ಮರಳುಗಾಡಿಗೆ ಹೋಗುವುದು ರೂಢಿಯಾಗಿದೆ. ದುಬೈಯಿಂದ ಹತ್ತಾ ಕಡೆಯ ದಾರಿಯಲ್ಲಿ ಸಿಗುವ ಅಲ್ ಬದಾಯರ್, ಜನ 'ಬಿಗ್ ರೆಡ್' ಎನ್ನುವ ಆ ಕೆಂಪು ದಿಬ್ಬ, ವಾರಾಂತ್ಯದ ಜಾತ್ರೆಯ ಜಾಗ. ಓಮನಿನವರಿಗೆ ವಹೀಬಾ ಮರಳು, ಕತಾರಿನವರಿಗೆ ಖೋರ್ ಅಲ್ ಅದೈದ್, ಅಬುಧಾಬಿಯಲ್ಲಿ ಧೈರ್ಯಸ್ಥರಿಗೆ ಲಿವಾ.

ದೇವಿಮನೆ ಘಟ್ಟ ಹತ್ತಿ ಇಳಿದು ಕೈ ಪಳಗಿಸಿಕೊಂಡವರಿಗೆ ಡ್ರೈವಿಂಗ್ ಹೊಸದಲ್ಲ. ತೊಂದರೆ ಬರುವುದು ಅಲ್ಲೇ. ಘಟ್ಟದಲ್ಲಿ ಜೀವ ಉಳಿಸುವ ಅಭ್ಯಾಸಗಳಲ್ಲಿ ಕೆಲವು ಮರಳಿನಲ್ಲಿ ಗಾಡಿಯನ್ನು ಹೂತುಹಾಕುತ್ತವೆ. ಹಾಗಾಗಿ ಮೊದಲು ಮರಳು ಏನು ಎಂಬುದನ್ನು ತಿಳಿಯಬೇಕು.

ಒಣಮರಳಿಗೆ ಅಂಟು ಇಲ್ಲ. ಕಣಕ್ಕೂ ಕಣಕ್ಕೂ ನಡುವಿನ ಉಜ್ಜಾಟ ಒಂದೇ ಅದರ ಬಲ. ಗಾಳಿ ಹೊತ್ತು ತಂದ ಮರುಭೂಮಿಯ ಕಣಗಳು ಸುಮಾರು ಕಾಲು ಮಿಲಿಮೀಟರ್ ಗಾತ್ರದವು. ಉರುಳಿ ಉರುಳಿ ಮೂಲೆ ಸವೆದು ಗುಂಡಗಾಗಿರುತ್ತವೆ, ಹೆಚ್ಚುಕಡಿಮೆ ಒಂದೇ ಅಳತೆಯವಾಗಿರುತ್ತವೆ. ನಮ್ಮ ಶರಾವತಿ ಹೊಯ್ಗೆಯಂತೆ ಚೂಪು ಮೂಲೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುವುದಿಲ್ಲ. ಮೇಲಿನಿಂದ ಭಾರ ಬಿದ್ದಾಗ ಕಣಗಳು ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ. ಚಕ್ರ ಗಿರಗಿರನೆ ತಿರುಗಿದರೆ ತನ್ನಡಿಯ ಮರಳನ್ನು ಹಿಂದಕ್ಕೆ ಎಸೆಯುತ್ತದೆ, ಖಾಲಿಯಾದ ಜಾಗಕ್ಕೆ ತಾನು ಇಳಿಯುತ್ತದೆ.

ಇದನ್ನು ಮೊದಲು ಕ್ರಮವಾಗಿ ಕಂಡುಕೊಂಡವರಲ್ಲಿ ಮುಖ್ಯ ಹೆಸರು ರಾಲ್ಫ್ ಬ್ಯಾಗ್ನಾಲ್ಡ್. ಬ್ರಿಟಿಷ್ ಸೇನೆಯ ಎಂಜಿನಿಯರ್ ಅಧಿಕಾರಿ. 1920ರ ದಶಕದ ಕೊನೆಗೆ ಈಜಿಪ್ಟಿನಲ್ಲಿದ್ದಾಗ ರಜೆ ಹಾಕಿ, ಸ್ವಂತ ಖರ್ಚಿನಲ್ಲಿ, ಗೆಳೆಯರೊಡನೆ ಸಾಧಾರಣ ಫೋರ್ಡ್ ಕಾರುಗಳಲ್ಲಿ ಲಿಬಿಯಾ ಮರುಭೂಮಿಗೆ ನುಗ್ಗಿದರು. ಅವು ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಗಾಡಿಗಳೂ ಅಲ್ಲ, ಹಿಂದಿನ ಎರಡೇ ಚಕ್ರ ಎಳೆಯುವಂಥವು. ಗಾಡಿ ದಾಟಲಾರದು ಎಂದುಕೊಂಡಿದ್ದ ಮಹಾಮರಳ ಸಮುದ್ರವನ್ನು ಅವರು ಆ ಕಾರುಗಳಲ್ಲಿ ದಾಟಿದರು. ಟೈರಿನ ಗಾಳಿ ಇಳಿಸಿದರು. ಹೂತ ಚಕ್ರದ ಕೆಳಗೆ ಉಕ್ಕಿನ ಉದ್ದ ತಟ್ಟೆಗಳನ್ನು ತಳ್ಳಿದರು. ರೇಡಿಯೇಟರ್ ಕುದಿದು ಹೊರಬರುವ ಆವಿಯನ್ನು ಡಬ್ಬಿಯಲ್ಲಿ ಹಿಡಿದು, ತಣಿಸಿ, ಮತ್ತೆ ಅದೇ ನೀರು ಬಳಸಿದರು. ದಿಕ್ಸೂಚಿಯ ಮುಳ್ಳು ಕಾರಿನ ಕಬ್ಬಿಣದಿಂದ ಅಡ್ಡಾಡುತ್ತಿದ್ದುದರಿಂದ ಸೂರ್ಯನ ನೆರಳು ನೋಡಿ ದಿಕ್ಕು ಹಿಡಿಯುವ ಸಾಧನ ಮಾಡಿಕೊಂಡರು. 1940ರಲ್ಲಿ ಯುದ್ಧ ಆಫ್ರಿಕಕ್ಕೆ ಬಂದಾಗ ಇದೇ ಅನುಭವದ ಮೇಲೆ ಅವರು ಮರುಭೂಮಿಯಲ್ಲಿ ಬಹುದೂರ ಸಂಚರಿಸುವ ಸೇನಾದಳ ಕಟ್ಟಿದರು. 1941ರಲ್ಲಿ ಹೊರಬಂದ, ಗಾಳಿ ಮತ್ತು ಮರಳ ದಿಬ್ಬಗಳ ಭೌತಶಾಸ್ತ್ರದ ಕುರಿತ ಅವರ ಪುಸ್ತಕವನ್ನು ಇಂದಿಗೂ ವಿಜ್ಞಾನಿಗಳು ಬಳಸುತ್ತಾರೆ. ಆ ಕಾರುಗಳ ಎಂಜಿನ್ ಇಂದಿನ ಲ್ಯಾಂಡ್ ಕ್ರೂಸರ್, ನಿಸಾನ್ ಪಟ್ರೋಲ್‌ಗಳ ಎಂಜಿನ್ನಿನ ಮುಂದೆ ಏನೂ ಅಲ್ಲ. ದೊಡ್ಡ ಎಂಜಿನ್ ಇದ್ದರೆ ಸಾಕು ಎನ್ನುವವರು ಒಮ್ಮೆ ಅವರ ಕಥೆ ಓದಬೇಕು.

ಗಾಳಿ ಇಳಿಸಿದರೆ ಏನಾಗುತ್ತದೆ? ಲೆಕ್ಕ ಸುಲಭ. ಸಾಮಾನು, ಮಂದಿ ಸೇರಿ ಗಾಡಿಯ ತೂಕ 2,400 ಕಿಲೋ ಎಂದಿಟ್ಟುಕೊಳ್ಳಿ. ಒಂದು ಚಕ್ರದ ಪಾಲು 600 ಕಿಲೋ. ರಸ್ತೆಯ ಒತ್ತಡ 35 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಎರಡೂವರೆ ಕಿಲೋ. ಆಗ ಟೈರ್ ನೆಲ ಮುಟ್ಟುವ ಜಾಗ ಹೆಚ್ಚುಕಡಿಮೆ 240 ಚದರ ಸೆಂಟಿಮೀಟರ್, ಎರಡು ಅಂಗೈಯಗಲಕ್ಕಿಂತ ಸ್ವಲ್ಪ ಜಾಸ್ತಿ. ಅದನ್ನೇ 15 ಪಿಎಸ್‌ಐಗೆ ಇಳಿಸಿದರೆ 570ರ ಹತ್ತಿರ ಹೋಗುತ್ತದೆ. ಟೈರಿನ ಗೋಡೆಯ ಬಿಗುವಿನಿಂದ ಲೆಕ್ಕ ಸ್ವಲ್ಪ ಆಚೀಚೆ ಆದೀತು, ಆದರೂ ಅದೇ ಭಾರ ಎರಡು ಪಟ್ಟಿಗಿಂತ ಹೆಚ್ಚು ಜಾಗಕ್ಕೆ ಹಂಚಿಹೋಯಿತು. ಟೈರು ಅಗಲವಾಗುವುದಕ್ಕಿಂತ ಹೆಚ್ಚಾಗಿ ಉದ್ದಕ್ಕೆ ಹಾಸಿಕೊಳ್ಳುತ್ತದೆ. ಒಂಟೆಯ ಪಾದವೂ ನೆಲಕ್ಕೆ ಊರಿದಾಗ ಹೀಗೇ ಹರಡಿಕೊಳ್ಳುತ್ತದೆ.

ಡಾಂಬರು ಮುಗಿದು ಮರಳು ಶುರುವಾಗುವ ಅಂಚಿನಲ್ಲಿ ಅನುಭವಿಗಳು ಮಾಡುವ ಮೊದಲ ಕೆಲಸ ಇದೇ. ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ವಾಲ್ವಿನ ಮುಚ್ಚಳ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ, ನೆಲಕ್ಕಿಟ್ಟರೆ ಮರಳಲ್ಲಿ ಮತ್ತೆ ಸಿಗುವುದಿಲ್ಲ. ಪಿನ್ ಒತ್ತಿದ ಕೂಡಲೇ ಸುಯ್ಯೆಂದು ಗಾಳಿ ಹೊರಬರುತ್ತದೆ, ಅರ್ಧ ನಿಮಿಷಕ್ಕೊಮ್ಮೆ ಗೇಜ್ ಇಟ್ಟು ನೋಡುತ್ತಾರೆ. 25, 20, 18. ರಿಮ್ಮಿನ ಕೆಳಗೆ ಟೈರಿನ ಕೆನ್ನೆ ಉಬ್ಬಿ ಬರುತ್ತದೆ. ಕುಟುಂಬದ ಗಾಡಿಗೆ, ಸಾಧಾರಣ ಮರಳಿಗೆ 15ರಿಂದ 18 ಸಾಕು. 12ಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟೈರಿನ ಅಂಚು ರಿಮ್ಮಿನಿಂದ ಕಳಚಿಕೊಳ್ಳುವ ಭಯ. ನಾಲ್ಕೂ ಚಕ್ರ ಒಂದೇ ಅಳತೆಗೆ ಬರಬೇಕು. ಅವಸರ ಮಾಡದೆ ಮಾಡಿದರೆ ಹತ್ತು ಹದಿನೈದು ನಿಮಿಷದ ಕೆಲಸ, ಇದನ್ನು ಬಿಟ್ಟರೆ ಸಂಜೆಯವರೆಗೆ ಸಲಿಕೆಯ ಕೆಲಸ.

ಎಲ್ಲ ಗಾಡಿಯೂ ಮರಳಿಗೆ ಆಗುವುದಿಲ್ಲ. ಎತ್ತರ ಕಾಣುತ್ತದೆ, ಎಸ್‌ಯುವಿ ಎಂದು ಹೇಳಿ ಮಾರುತ್ತಾರೆ ಎಂದು ನಂಬಬೇಡಿ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗಬೇಕು, ನಿಧಾನ-ಬಲದ ಲೋ ಗೇರ್ ಇರಬೇಕು, ಹೊಟ್ಟೆಯಡಿ ಒಂದು ಗೇಣಾದರೂ ಎತ್ತರ ಇರಬೇಕು. ಊರಲ್ಲಿ ಮಾರಾಟವಾಗುವ ಎಸ್‌ಯುವಿಗಳಲ್ಲಿ ಹೆಚ್ಚಿನವು ಎರಡೇ ಚಕ್ರ ಎಳೆಯುವ ಗಾಡಿಗಳು. ಗಲ್ಫಿನಲ್ಲೂ ಅಂಥವು ಬೇಕಾದಷ್ಟಿವೆ. ತೆಳ್ಳಗಿನ ಕೆನ್ನೆಯ ಫ್ಯಾಷನ್ ಟೈರು ಹಾಕಿದ ಗಾಡಿಯಲ್ಲಿ ಗಾಳಿ ಇಳಿಸಲು ಜಾಗವೇ ಇರುವುದಿಲ್ಲ, ರಿಮ್ಮೇ ನೆಲಕ್ಕೆ ಬಡಿಯುತ್ತದೆ. ಬಾಡಿಗೆ ಗಾಡಿಯಾದರೆ ಕರಾರುಪತ್ರ ಓದಿ, ಹೆಚ್ಚಿನವು ಮರಳಿಗಿಳಿಯಬಾರದೆಂದೇ ಬರೆದಿರುತ್ತವೆ. ಸ್ವಂತ ಗಾಡಿಯಾದರೆ ವಿಮೆಯಲ್ಲಿ ರಸ್ತೆಯಾಚೆಗಿನ ಚಾಲನೆ ಸೇರಿದೆಯೇ ನೋಡಿ.

ಇನ್ನು ದಿಬ್ಬ. ಗಾಳಿ ಬೀಸಿ ಬರುವ ಮೈ ನಿಧಾನದ ಏರು, ಗಾಳಿಯೇ ಕಣಗಳನ್ನು ಒತ್ತಿ ಕೂರಿಸಿರುವುದರಿಂದ ಅದು ಗಟ್ಟಿ. ನೆತ್ತಿ ದಾಟಿದ ಮೇಲಿನ ಮೈ ಕಡಿದು, ಸುಮಾರು 32ರಿಂದ 34 ಡಿಗ್ರಿ. ಒಣಮರಳು ಅದಕ್ಕಿಂತ ಕಡಿದಾಗಿ ನಿಲ್ಲಲಾರದು, ಜಾರಿ ಬೀಳುತ್ತದೆ. ಹಾಗೆ ಜಾರಿ ಬಿದ್ದ ಮರಳು ಸಡಿಲ, ಹೂಳುವ ಮರಳು. ಗಟ್ಟಿ ಮೈಯಿಂದ ಹತ್ತಿ ಸಡಿಲ ಮೈಯಿಂದ ಇಳಿಯುವುದು ಸುಲಭ, ಅದೇ ದಾರಿಯಲ್ಲಿ ವಾಪಸು ಬರುವುದು ಕಷ್ಟ. ಅಲ್ಲಿನ ಶಮಾಲ್ ಗಾಳಿ ಹೆಚ್ಚಾಗಿ ವಾಯವ್ಯದಿಂದ ಬರುತ್ತದೆ. ಆ ಗಾಳಿ ಬೀಸುವ ದಿಕ್ಕಿಗೇ ಹೋಗುವಾಗ ಸಲೀಸಾಯಿತು ಎಂದು ಹತ್ತು ದಿಬ್ಬ ದಾಟಿದವರಿಗೆ ಹಿಂತಿರುಗುವಾಗ ಹತ್ತೂ ಕಡೆ ಗೋಡೆ ಎದುರಾಗುವುದು ಇದಕ್ಕೇ.

ಹತ್ತುವಾಗ ನೇರ ಹತ್ತಬೇಕು, ಇಳಿಯುವಾಗ ನೇರ ಇಳಿಯಬೇಕು. ಕಡಿದಾದ ಮೈಯಲ್ಲಿ ಅಡ್ಡ ಓಡಿಸಿದರೆ ಕೆಳಗಿನ ಚಕ್ರಗಳು ಹೂತು ಗಾಡಿ ಮಗುಚುತ್ತದೆ. ಅಡ್ಡ ಮೈಯಲ್ಲಿ ಗಾಡಿ ವಾಲತೊಡಗಿತೆನ್ನಿಸಿದರೆ ಸ್ಟಿಯರಿಂಗ್ ಇಳಿಜಾರಿನ ಕಡೆ ತಿರುಗಿಸಿ ಸ್ವಲ್ಪ ಆಕ್ಸಿಲರೇಟರ್ ಕೊಡಬೇಕು. ಮನಸ್ಸು ಮೇಲಕ್ಕೆ ತಿರುಗಿಸು ಎನ್ನುತ್ತದೆ, ಕೇಳಬಾರದು. ಏರು ಅರ್ಧಕ್ಕೆ ನಿಂತರೆ ತಿರುಗಿಸಲು ಹೋಗಬೇಡಿ. ರಿವರ್ಸ್ ಹಾಕಿ ಬಂದ ಜಾಡಿನಲ್ಲೇ ನೇರ ಹಿಂದಕ್ಕಿಳಿಯಿರಿ, ಇನ್ನಷ್ಟು ಹಿಂದಿನಿಂದ ಓಟ ತೆಗೆದುಕೊಂಡು ಮತ್ತೆ ಬನ್ನಿ. ನೆತ್ತಿಯ ಹತ್ತಿರ ಬರುತ್ತಿದ್ದಂತೆ ಕಾಲು ಸಡಿಲಿಸಬೇಕು. ವೇಗ ಹೆಚ್ಚಾದರೆ ಗಾಡಿ ಹಾರಿ ಮೂಗು ಕೆಳಗಾಗಿ ಬೀಳುತ್ತದೆ, ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತದೆ. ಕಡಿಮೆಯಾದರೆ ಮುಂದಿನ ಚಕ್ರ ಆಚೆ, ಹಿಂದಿನ ಚಕ್ರ ಈಚೆ, ಹೊಟ್ಟೆ ನೆತ್ತಿಯ ಮೇಲೆ. ಈ ಅಳತೆಯನ್ನು ಬರೆದು ಕಲಿಸಲಾಗುವುದಿಲ್ಲ, ಗೊತ್ತಿದ್ದವರ ಪಕ್ಕ ಕೂತೇ ಕಲಿಯಬೇಕು.

ಮರಳಲ್ಲಿ ಬ್ರೇಕ್ ಒತ್ತುವುದು ಕೆಟ್ಟ ಅಭ್ಯಾಸ. ಬ್ರೇಕ್ ಹಾಕಿದ ಚಕ್ರ ತನ್ನ ಮುಂದೆ ಮರಳಿನ ಗುಪ್ಪೆ ಕೂಡಿಹಾಕುತ್ತದೆ, ಮತ್ತೆ ಹೊರಡುವಾಗ ಅದನ್ನೇ ಹತ್ತಬೇಕು. ಕಾಲೆತ್ತಿದರೆ ಸಾಕು, ಮರಳೇ ಗಾಡಿಯನ್ನು ನಿಲ್ಲಿಸುತ್ತದೆ. ನಿಲ್ಲಿಸುವಾಗ ಮೂಗು ಇಳಿಜಾರಿನ ಕಡೆ ಇರಲಿ. ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಿಕೊಳ್ಳಿ, ಇಲ್ಲದಿದ್ದರೆ ಏರಿನ ನಡುವೆ ಚಕ್ರ ಜಾರಿತೆಂದು ಅದು ಶಕ್ತಿ ಕತ್ತರಿಸುತ್ತದೆ. ನಡುಮಧ್ಯಾಹ್ನ ಹೋಗಬೇಡಿ. ನೆತ್ತಿಯ ಮೇಲಿನ ಸೂರ್ಯನ ಬೆಳಕಿಗೆ ನೆರಳೇ ಇರುವುದಿಲ್ಲ, ಎದುರಿಗಿರುವುದು ಬಯಲೋ ಹತ್ತಡಿ ಕುಳಿಯೋ ಕಣ್ಣಿಗೆ ತಿಳಿಯುವುದಿಲ್ಲ. ಗಾಡಿಗೆ ಉದ್ದ ಕೋಲಿನ ಬಾವುಟ ಕಟ್ಟುವುದು ಅಲಂಕಾರಕ್ಕಲ್ಲ, ದಿಬ್ಬದ ಆಚೆಯಿಂದ ಹತ್ತಿ ಬರುತ್ತಿರುವವನಿಗೆ ಮೊದಲು ಕಾಣಿಸುವುದು ಆ ಬಟ್ಟೆ.

ದಿಬ್ಬಗಳ ನಡುವೆ ಕೆಲವು ಕಡೆ ಬೆಳ್ಳಗೆ ಸಪಾಟಾದ ಜಾಗ ಸಿಗುತ್ತದೆ, ಅಲ್ಲಿನವರು ಸಬ್ಖಾ ಎನ್ನುತ್ತಾರೆ. ಅಘನಾಶಿನಿ ದಂಡೆಯ ಗಜನಿ ಗದ್ದೆಯನ್ನು ಬೇಸಿಗೆಯಲ್ಲಿ ಕಂಡವರಿಗೆ ಅದು ಬೇಗ ಅರ್ಥವಾಗುತ್ತದೆ. ಮೇಲೆ ಉಪ್ಪುಗಟ್ಟಿದ ಒಣಪದರ, ಅಡಿಯಲ್ಲಿ ಕೆಸರು. ಮರಳಲ್ಲಿ ಹೂತ ಗಾಡಿಯನ್ನು ಒಂದು ತಾಸಿನಲ್ಲಿ ಎತ್ತಬಹುದು, ಸಬ್ಖಾದಲ್ಲಿ ಇಳಿದದ್ದನ್ನು ಎತ್ತಲು ದಿನ ಬೇಕಾದೀತು. ಸುತ್ತಿ ಹೋಗಿ.

ಹೂತಿತು ಎನ್ನಿ. ಒಂದು ಸಲ ರಿವರ್ಸಿನಲ್ಲಿ ನೋಡಿ, ಬರದಿದ್ದರೆ ಎಂಜಿನ್ ಆಫ್ ಮಾಡಿ ಎಲ್ಲರೂ ಇಳಿಯಿರಿ. ಚಕ್ರದ ಮುಂದಿನ ಮರಳನ್ನೂ ಹೊಟ್ಟೆಯಡಿಯ ಮರಳನ್ನೂ ತೆಗೆಯಿರಿ. ಹೆಚ್ಚಿನವರು ಚಕ್ರದ ಬಳಿ ಮಾತ್ರ ತೋಡುತ್ತಾರೆ, ಗಾಡಿಯನ್ನು ಹಿಡಿದುಕೊಂಡಿರುವುದು ಹೊಟ್ಟೆಯಡಿಯ ಮರಳು. ಆಮೇಲೆ ಇನ್ನೆರಡು ಮೂರು ಪಿಎಸ್‌ಐ ಇಳಿಸಿ ಮೆಲ್ಲಗೆ ಹೊರಡಿ. ಆಗದಿದ್ದರೆ ಇನ್ನೊಂದು ಗಾಡಿಯ ಹಗ್ಗ. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಹಗ್ಗವನ್ನು ಗಾಡಿಯ ಚಾಸಿಗೆ ಬಿಗಿದ, ಎಳೆಯಲೆಂದೇ ಕೊಟ್ಟ ಕೊಂಡಿಗೆ ಮಾತ್ರ ಹಾಕಬೇಕು. ಟ್ರೇಲರ್ ಕಟ್ಟುವ ಹಿಂದಿನ ಉಕ್ಕಿನ ಗುಂಡಿಗೆ ಖಂಡಿತ ಹಾಕಬಾರದು. ಜಗ್ಗುವ ರಭಸಕ್ಕೆ ಆ ಗುಂಡು ಮುರಿದು ಹಾರಿ ಗಾಜು ಸೀಳಿ ಜೀವ ತೆಗೆದ ಪ್ರಸಂಗಗಳು ಹಲವು ದೇಶಗಳಲ್ಲಿ ಆಗಿವೆ. ಬಿಗಿದ ಹಗ್ಗದ ಹತ್ತಿರ ಯಾರೂ ನಿಲ್ಲಬಾರದು, ವಿಡಿಯೊ ಮಾಡುವ ಮಕ್ಕಳಂತೂ ಹಗ್ಗದ ಉದ್ದಕ್ಕಿಂತ ದೂರ ಇರಬೇಕು.

ಒಂದೇ ಗಾಡಿಯಲ್ಲಿ ಹೋಗುವುದು ಸಾಹಸವಲ್ಲ, ತಪ್ಪು. 2024ರ ಆಗಸ್ಟಿನಲ್ಲಿ ತೆಲಂಗಾಣದ ಒಬ್ಬ ಯುವಕ ಮತ್ತು ಅವನ ಸುಡಾನಿ ಸಹೋದ್ಯೋಗಿ ಸೌದಿಯ ರುಬ್ ಅಲ್ ಖಾಲಿಯಲ್ಲಿ ದಾರಿ ತಪ್ಪಿ ತೀರಿಕೊಂಡರು. ಮೋಜಿಗೆ ಹೋದವರಲ್ಲ, ಕೆಲಸದ ಮೇಲೆ ಹೋದವರು. ಜಿಪಿಎಸ್ ಕೈಕೊಟ್ಟಿತು, ಫೋನಿನ ಬ್ಯಾಟರಿ ಮುಗಿಯಿತು, ಗಾಡಿಯ ಎಣ್ಣೆ ಮುಗಿಯಿತು. ಸುಮಾರು ಆರೂವರೆ ಲಕ್ಷ ಚದರ ಕಿಲೋಮೀಟರಿನ ಮರಳು ಅದು, ಕರ್ನಾಟಕದ ಮೂರು ಪಟ್ಟಿಗಿಂತ ದೊಡ್ಡದು. ಎರಡು ಗಾಡಿಯಾದರೂ ಇರಲಿ, ಎಲ್ಲಿಗೆ ಹೋಗುತ್ತೇವೆ ಯಾವಾಗ ಬರುತ್ತೇವೆ ಎಂದು ಊರಲ್ಲಿ ಉಳಿದವರೊಬ್ಬರಿಗೆ ತಿಳಿದಿರಲಿ, ತಲೆಗೆ ಐದು ಲೀಟರಿನಂತೆ ನೀರು ಇರಲಿ. ದಾರಿ ತಪ್ಪಿದರೆ ಗಾಡಿ ಬಿಟ್ಟು ನಡೆಯಬೇಡಿ. ಹುಡುಕುವವರಿಗೆ ಮನುಷ್ಯನಿಗಿಂತ ಮೊದಲು ಗಾಡಿ ಕಾಣುತ್ತದೆ.

ಮನೆಮಂದಿಯ ಮಾತೂ ಇದೆ. ಹೊರಡುವಾಗ ಹಿಂದೆ ಇಟ್ಟ ಬಿರಿಯಾನಿ ಪಾತ್ರೆ, ನೀರಿನ ಡಬ್ಬ, ಗ್ಯಾಸಿನ ಒಲೆ ಕಟ್ಟದೆ ಬಿಟ್ಟರೆ ಮೊದಲ ಇಳಿಜಾರಿನಲ್ಲೇ ಮುಂದಿನವರ ತಲೆಗೆ ಬರುತ್ತವೆ. ಛಾವಣಿಯ ಮೇಲೆ ಭಾರ ಏರಿಸಿದರೆ ಗಾಡಿ ಬೇಗ ಮಗುಚುತ್ತದೆ. ರಸ್ತೆಯಲ್ಲಿ ಬೆಲ್ಟ್ ಹಾಕಿಕೊಂಡು ಮರಳಿಗೆ ಬಂದ ಕೂಡಲೇ ಬಿಚ್ಚಿ, ಮಕ್ಕಳನ್ನು ಸನ್‌ರೂಫಿನಿಂದ ತಲೆ ಹೊರಹಾಕಲು ಬಿಡುವವರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಬೆಲ್ಟು ರಸ್ತೆಗಿಂತ ಅಲ್ಲಿಯೇ ಹೆಚ್ಚು ಬೇಕು. ಬಸುರಿಯರು, ಬೆನ್ನುನೋವಿನವರು, ಕೈಗೂಸುಗಳು ಬಿಡಾರದಲ್ಲೇ ಉಳಿಯಲಿ. ಮರಳಿನ ಆ ಎತ್ತಿಹಾಕುವ ಕುಲುಕಾಟ ಅವರಿಗಲ್ಲ.

ಮರುಭೂಮಿಯೂ ಖಾಲಿ ಜಾಗವಲ್ಲ. ಅಲ್ಲಲ್ಲಿ ಒಂಟಿಯಾಗಿ ನಿಂತಿರುವ ಗಾಫ್ ಮರ, ಯುಎಇಯ ರಾಷ್ಟ್ರೀಯ ವೃಕ್ಷ, ನಾವು ದಸರೆಯಲ್ಲಿ ಪೂಜಿಸುವ ಬನ್ನಿಯೇ. ಆಳಕ್ಕೆ ಬೇರಿಳಿಸಿ ಮರಳನ್ನು ಹಿಡಿದು ನಿಂತಿರುವ ಅದರ ಸುತ್ತ ಗಾಡಿ ಸುತ್ತಿಸಬೇಡಿ. ಸಂರಕ್ಷಿತ ಪ್ರದೇಶದ ಬೇಲಿ, ಒಂಟೆ ಸಾಕುವವರ ಅಂಗಳ, ಇವುಗಳಿಂದ ದೂರ ಇರಿ. ಹೊರಬಂದ ಮೇಲೆ ಹೆದ್ದಾರಿಗೆ ಹತ್ತುವ ಮುನ್ನ ಟೈರಿಗೆ ಗಾಳಿ ತುಂಬಿಸಲೇಬೇಕು. 15 ಪಿಎಸ್‌ಐನಲ್ಲಿ ಡಾಂಬರಿನ ಮೇಲೆ ನೂರರ ವೇಗದಲ್ಲಿ ಓಡಿಸಿದರೆ ಕೆನ್ನೆ ಬಿಸಿಯಾಗಿ ಟೈರ್ ಸಿಡಿಯುತ್ತದೆ.

ಇಷ್ಟೆಲ್ಲ ಕಲಿತವರು ಜೂನ್ ಜುಲೈಗೋ ಡಿಸೆಂಬರಿಗೋ ಊರಿಗೆ ಬರುತ್ತಾರೆ. ಇಲ್ಲಿಂದ ಮುಂದಿನದೇ ನಾನು ಮುಖ್ಯವಾಗಿ ಹೇಳಬೇಕಾದ್ದು. ಮುರುಡೇಶ್ವರದಲ್ಲಿ, ಜಾಲಿಯಲ್ಲಿ, ಕುಮಟೆಯ ಬಾಡ, ಧಾರೇಶ್ವರದ ಕಡೆ ಹೊಸ ಥಾರ್, ಫಾರ್ಚುನರ್ ನೀರಿನಂಚಿಗೆ ಇಳಿಸಿ ಓಡಿಸುವ ಆಸೆ ಬೆಳೆಯುತ್ತಿದೆ. ಘಟ್ಟದ ಮೇಲಿಂದ ಬಂದ ಪ್ರವಾಸಿಗರೂ ಅದನ್ನೇ ಮಾಡುತ್ತಾರೆ. ನಮ್ಮ ಕಡಲತೀರ ದಿಬ್ಬದ ಮರುಭೂಮಿಯಲ್ಲ.

ಒಣಮರಳಿಗೆ ಬಲವಿಲ್ಲ ಎಂದೆ. ಸ್ವಲ್ಪ ತೇವವಾದರೆ ಕಣಗಳ ನಡುವಿನ ನೀರಿನ ಪೊರೆ ಅವನ್ನು ಹಿಡಿದಿಡುತ್ತದೆ, ಇಳಿತದ ಹೊತ್ತಿಗೆ ನೀರಂಚಿನ ನೆಲ ಡಾಂಬರಿನಷ್ಟು ಗಟ್ಟಿ ಅನ್ನಿಸುವುದು ಅದರಿಂದ. ಆದರೆ ಪೂರ್ತಿ ನೀರು ತುಂಬಿದ ಮರಳು ಮತ್ತೆ ಬಲ ಕಳೆದುಕೊಳ್ಳುತ್ತದೆ, ಒಳಗಿನ ನೀರೇ ಕಣಗಳನ್ನು ಒಂದರಿಂದ ಒಂದನ್ನು ದೂರ ತಳ್ಳುತ್ತದೆ. ಫೋಟೊಕ್ಕೆಂದು ನಿಲ್ಲಿಸಿದ ಗಾಡಿಯ ಚಕ್ರದಡಿಯಿಂದ ಪ್ರತಿ ಅಲೆಯೂ ಒಂದಿಷ್ಟು ಮರಳು ಕದ್ದೊಯ್ಯುತ್ತದೆ. ಭರತ ಆರು ತಾಸಿನಲ್ಲಿ ಏರುತ್ತದೆ, ಯಾರಿಗೂ ಕಾಯುವುದಿಲ್ಲ. ಎಳೆದು ತೆಗೆದರೂ ಉಪ್ಪುನೀರು ಬ್ರೇಕು, ಬೇರಿಂಗು, ವೈರಿಂಗನ್ನು ತಿನ್ನುವುದು ನಿಲ್ಲುವುದಿಲ್ಲ.

ಗಾಡಿ ಹಾಳಾದರೆ ಮಾಲೀಕನ ನಷ್ಟ. ಕಡಲತೀರ ಹಾಳಾದರೆ ಊರಿನ ನಷ್ಟ. ಭರತದ ಗೆರೆಯಾಚೆಯ ಒಣಮರಳಿನ ಮೇಲೆ ಹಬ್ಬಿದ ಅಡುಂಬು ಬಳ್ಳಿ, ರಾವಣನ ಮೀಸೆ ಹುಲ್ಲು ನೋಡಲು ಏನೂ ಅಲ್ಲ. ಆದರೆ ಹಾರುವ ಹೊಯ್ಗೆಯನ್ನು ತಡೆದು ಸಣ್ಣ ದಿಬ್ಬ ಕಟ್ಟುವುದು ಅವೇ, ಮಳೆಗಾಲದ ತೆರೆ ಮನೆಬಾಗಿಲಿಗೆ ಬರದಂತೆ ತಡೆಯುವುದು ಆ ದಿಬ್ಬವೇ. ಕಡಲ್ಕೊರೆತಕ್ಕೆ ಪ್ರತಿವರ್ಷ ಕಲ್ಲು ಸುರಿಯುವ ಜಿಲ್ಲೆ ನಮ್ಮದು. ಚಕ್ರ ಒಮ್ಮೆ ಹರಿದರೆ ಬಳ್ಳಿಯ ಬೇರು ಕಿತ್ತುಬರುತ್ತದೆ.

ಇನ್ನು ಕಡಲಾಮೆ. ಚಳಿಗಾಲದಿಂದ ಬೇಸಿಗೆಯವರೆಗೆ ಆಲಿವ್ ರಿಡ್ಲೆ ಆಮೆಗಳು ರಾತ್ರಿ ಈ ತೀರಕ್ಕೆ ಬಂದು, ಮೊಣಕೈಯುದ್ದ ಗುಂಡಿ ತೋಡಿ ನೂರರಷ್ಟು ಮೊಟ್ಟೆ ಇಟ್ಟು ಮುಚ್ಚಿ ಹೋಗುತ್ತವೆ. ಹೊನ್ನಾವರದ ಕಾಸರಕೋಡ ಟೊಂಕದ ಮೀನುಗಾರರು ಅಂಥ ಗೂಡುಗಳನ್ನು ಕಂಡರೆ ಅರಣ್ಯ ಇಲಾಖೆಗೆ ತಿಳಿಸುತ್ತಾರೆ, ಸುತ್ತ ಬಲೆ ಕಟ್ಟಿ ಕಾಯುತ್ತಾರೆ. ಕಂಡದ್ದಕ್ಕೆ ಬಲೆ ಇದೆ, ಕಾಣದ್ದಕ್ಕೆ ಇಲ್ಲ. ಮರಳ ಮೇಲೆ ಗುರುತು ಬಹಳ ದಿನ ಉಳಿಯುವುದಿಲ್ಲ. ಗಾಡಿಯ ಭಾರಕ್ಕೆ ಮರಳು ಬಿಗಿದರೆ ಮರಿ ಮೇಲೆ ಬರಲಾರದು. ಬಂದರೂ ಟೈರಿನ ಜಾಡು ಬೆರಳುದ್ದದ ಮರಿಗೆ ಕಾಲುವೆ, ಅದರೊಳಗೇ ತೆವಳಿ ತೆವಳಿ ಬಿಸಿಲಿಗೋ ಕಾಗೆಗೋ ಬಲಿಯಾಗುತ್ತದೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ, ಹುಲಿ ಆನೆಗಳ ಸಾಲಿನಲ್ಲಿ, ಈ ಆಮೆಗೆ ರಕ್ಷಣೆ ಇದೆ. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಮರಳ ದಿಬ್ಬಗಳನ್ನೂ ಆಮೆ ಮೊಟ್ಟೆಯಿಡುವ ಜಾಗಗಳನ್ನೂ ಅತಿಸೂಕ್ಷ್ಮ ಪ್ರದೇಶವೆಂದು ಗುರುತಿಸಿದೆ. ಅದೇ ಕಾಸರಕೋಡದ ಇನ್ನೊಂದು ತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು, ಪಡುಬಿದ್ರಿಯ ಜೊತೆಗೆ. ಅದನ್ನು ಉಳಿಸಿಕೊಳ್ಳಬೇಕಾದವರು ನಾವು.

ಮತ್ತೆ ಅದೇ ಮರಳಿನ ಮೇಲೆ ಹೆಂಗಸರು ಮೀನು ಒಣಗಿಸುತ್ತಾರೆ, ಗಂಡಸರು ಬಲೆ ಹರಡಿ ಹೊಲಿಯುತ್ತಾರೆ, ಸಂಜೆ ಮಕ್ಕಳು ಚೆಂಡಾಡುತ್ತಾರೆ. ಟೊಂಕದಲ್ಲಿ ಒಣಮೀನಿನ ಸಾಲಿನ ಪಕ್ಕ ಚಕ್ರದ ಜಾಡು ಕಂಡರೆ ಅದು ಯಾರದೋ ದುಡಿಮೆಯ ಅಂಗಳದಲ್ಲಿ ಹಾದುಹೋದ ಗುರುತು.

ಗಲ್ಫಿನಲ್ಲಿರುವ ನಮ್ಮವರು ಅಲ್ಲಿನ ತೆರೆದ ದಿಬ್ಬಗಳಲ್ಲಿ ಕಲಿಯಲಿ, ಜೋಡಿಗಾಡಿಯಲ್ಲಿ ಹೋಗಲಿ, ಮಕ್ಕಳಿಗೆ ಬೆಲ್ಟ್ ಹಾಕಿಸಲಿ, ಸಂತೋಷಪಡಲಿ. ಊರಿಗೆ ಬಂದಾಗ ಗಾಡಿಯನ್ನು ರಸ್ತೆಬದಿಯ ಗಾಳಿಮರದಡಿ ನಿಲ್ಲಿಸಿ, ಚಪ್ಪಲಿ ಕೈಲಿ ಹಿಡಿದು ನಡೆದು ಹೋಗಲಿ. ಪಂಚಾಯತಿಗಳು, ಪುರಸಭೆಗಳು ತೀರಕ್ಕಿಳಿಯುವ ದಾರಿಗಳ ಬಾಯಿಗೆ ಮೂರು ಕಲ್ಲುಕಂಬ ನೆಟ್ಟರೆ ಸಾಕು, ಮೀನಿನ ಕೈಗಾಡಿ ಹೋಗುವಷ್ಟು ಸಂದಿ ಬಿಟ್ಟು. ಈ ಡಿಸೆಂಬರಿನ ಒಳಗೆ ಅಷ್ಟಾದರೂ ಆಗಲಿ.